ಮಗುವಿನ ಹಟ ಬಿಡಿಸುವುದು ಹೇಗೆ?

ಮೊಬೈಲಿಗಾಗಿ ಮಗು ಹಟ ಹಿಡಿದು ಅಳುತ್ತದೆ, ಹೆತ್ತವರು ಕೊಟ್ಟುಬಿಡುತ್ತಾರೆ, ಅಳು ನಿಲ್ಲುತ್ತದೆ. ಅತ್ತರೆ ಸಿಗುತ್ತದೆ ಎಂದು ಮಗು ಕಲಿಯಿತು. ಕೊಟ್ಟರೆ ಗಲಾಟೆ ತಪ್ಪುತ್ತದೆ ಎಂದು ಹೆತ್ತವರೂ ಕಲಿತರು. ಬೇಕಾದದ್ದು ದೊರೆತು ವರ್ತನೆ ಬಲಗೊಂಡರೆ ಧನಾತ್ಮಕ ಪುನರ್ಬಲನವೆಂದೂ, ಕಿರಿಕಿರಿ ತೊಲಗಿದ್ದರಿಂದ ಬಲಗೊಂಡರೆ ಋಣಾತ್ಮಕ ಪುನರ್ಬಲನವೆಂದೂ ಕ್ರಿಯಾಜನ್ಯ ಅನುಬಂಧನದಲ್ಲಿ, ಅಂದರೆ ಫಲಕ್ಕೆ ತಕ್ಕಂತೆ ವರ್ತನೆ ಬದಲಾಗುವ ಕಲಿಕೆಯಲ್ಲಿ, ಹೇಳುತ್ತಾರೆ. ಎರಡನೆಯದನ್ನು ಶಿಕ್ಷೆಯೆಂದು ತಿಳಿಯಬಾರದು. ವರ್ತನೆಯನ್ನು ತಗ್ಗಿಸುವುದು ಮಾತ್ರ ಶಿಕ್ಷೆ.

ಮೊದಲು ಒಂದು ವಾರ, ಅಳುವಿಗೆ ಮುಂಚೆ ಏನಾಯಿತು, ಅತ್ತ ಮೇಲೆ ಏನು ಸಿಕ್ಕಿತು ಎಂದು ಬರೆದಿಡಿ. ಹಸಿವು, ನೋವುಗಳ ಅಳು ಹಟವಲ್ಲ. ಅದಕ್ಕೆ ಕೂಡಲೇ ಓಗೊಡಬೇಕು.

ಬಳಿಕ ಅಳುವಿನ ಬದಲು ಯಾವ ವರ್ತನೆ ಬೇಕೆಂದು ತೀರ್ಮಾನಿಸಿ. ಮಗು ಮೆಲುದನಿಯಲ್ಲಿ ಕೇಳಿದ ಕೆಲವೇ ಸೆಕೆಂಡುಗಳಲ್ಲಿ ಮೆಚ್ಚುಗೆಯ ಮಾತು, ಆಟಕ್ಕೆ ನಿಮ್ಮ ಜೊತೆ ಸಿಗಬೇಕು. ತಿಂಗಳ ಕೊನೆಗೆ ಉಡುಗೊರೆ ಎನ್ನುವ ಸ್ಟಿಕ್ಕರ್ ಪಟ್ಟಿಗಳನ್ನು ಕೊಳ್ಳಬೇಡಿ. ಮೂರು ವರ್ಷದ ಮಗುವಿಗೆ ತಿಂಗಳ ಕೊನೆ ಎಟುಕುವಷ್ಟು ಹತ್ತಿರವಿಲ್ಲ.

ಬಹುಮಂದಿ ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಅತ್ತರೂ ಮೊಬೈಲು ಕೊಡದಿರುವುದರಲ್ಲಿ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ಪ್ರಯೋಗದಲ್ಲಿ ಇಲಿಯೊಂದು ಆಹಾರಕ್ಕಾಗಿ ಸನ್ನೆಕೋಲು ಒತ್ತುತ್ತಿದ್ದಾಗ ಆಹಾರ ಬೀಳಿಸುವ ಯಂತ್ರ ಸಿಕ್ಕಿಕೊಂಡು ನಿಂತಿತು. ಫಲ ನಿಂತಾಗ ವರ್ತನೆ ಹೇಗೆ ನಂದುತ್ತದೆ ಎಂಬುದರ ಮೊದಲ ರೇಖಾಚಿತ್ರ ಅವರಿಗೆ ದೊರೆತದ್ದು ಹೀಗೆ ಆಕಸ್ಮಿಕವಾಗಿ. ಆದರೆ ನಂದುವ ಮುನ್ನ ವರ್ತನೆ ಒಮ್ಮೆ ಭುಗಿಲೇಳುವುದುಂಟು. ಮೊಬೈಲು ಸಿಗದ ಮಗು ಮೊದಲು ದನಿ ಏರಿಸುತ್ತದೆ, ಆಮೇಲೆ ನೆಲಕ್ಕೆ ಬಿದ್ದು ಹೊರಳಾಡುತ್ತದೆ, ನಡುನಡುವೆ ಅಳು ನಿಲ್ಲಿಸಿ ನಿಮ್ಮ ಮುಖ ನೋಡುತ್ತದೆ. ಹತ್ತು ನಿಮಿಷ ತಾಳಿಕೊಂಡು ಆಗ ಕೈಬಿಟ್ಟಿರೋ, ಹತ್ತು ನಿಮಿಷ ಅಳಬೇಕೆಂದು ನೀವೇ ಕಲಿಸಿದಂತಾಯಿತು. ಒಮ್ಮೊಮ್ಮೆ ಮಾತ್ರ ಫಲ ಕಂಡ ವರ್ತನೆ, ಪ್ರತಿಸಲವೂ ಫಲ ಕಂಡದ್ದಕ್ಕಿಂತ ನಿಧಾನವಾಗಿ ನಂದುತ್ತದೆ. ಆದ್ದರಿಂದ ಕೊನೆಗೆ ಕೊಡುವುದೇ ಆದರೆ ಅಳುವ ಮೊದಲೇ ಕೊಡಿ. ಮನೆಯ ಎಲ್ಲರೂ ಒಂದೇ ಮಾತಿಗೆ ಬರುವವರೆಗೆ ಈ ಹಂತವನ್ನು ಆರಂಭಿಸಲೇಬೇಡಿ. ಮಗು ತಲೆ ಚಚ್ಚಿಕೊಂಡರೆ ಸುಮ್ಮನಿರದೆ ಕಾಪಾಡಿ, ಮೊಬೈಲು ಮಾತ್ರ ಕೊಡಬೇಡಿ.

ಹೊಡೆಯುವ ಅಡ್ಡದಾರಿ ಬೇಡ. ಏಟು ಅಳುವನ್ನು ಆ ಕ್ಷಣಕ್ಕೆ ಅಡಗಿಸುವುದರಿಂದ ಹೆತ್ತವರ ಹೊಡೆಯುವ ಅಭ್ಯಾಸವೇ ಬಲಗೊಳ್ಳುತ್ತದೆ. ಬದಲಿಗೆ ಏನು ಮಾಡಬೇಕೆಂಬುದನ್ನು ಮಗು ಕಲಿಯುವುದಿಲ್ಲ. ಶಿಕ್ಷಿಸಲೇಬೇಕಾದರೆ, ಎಸೆದ ಆಟಿಕೆಯನ್ನು ಆ ಕೂಡಲೇ ಐದು ನಿಮಿಷ ಎತ್ತಿಡಿ, ಎಸೆದಾಗಲೆಲ್ಲ ಹಾಗೆಯೇ ಮಾಡಿ.

ಅಳು ನಿಂತು ಕೆಲವು ದಿನಗಳಾದ ಮೇಲೆ ಅದು ಮತ್ತೆ ತಲೆಯೆತ್ತಬಹುದು. ಅಂದೂ ಮೊಬೈಲು ಎತ್ತಿಟ್ಟ ಜಾಗದಲ್ಲೇ ಇರಲಿ.