ಕುಮಾಮೊಟೊದ ಹಸಿರು ಕಪ್ಪೆಯನ್ನು ನೋಡುವುದು ಹೇಗೆ

ಹಸಿರು ಕಪ್ಪೆ ಎಂದರೆ ಹಳೆಯ ರೈಲು ಬೋಗಿಯೊಂದರ ಅಡ್ಡಹೆಸರು. ಮೊದಲು ದಾರಿ. ಜಪಾನಿನ ಕುಮಾಮೊಟೊ ನಿಲ್ದಾಣದಿಂದ ಕಗೊಶಿಮಾ ಮುಖ್ಯ ಮಾರ್ಗದಲ್ಲಿ ಉತ್ತರಕ್ಕೆ ಹೋಗುವ ಲೋಕಲ್ ಹತ್ತಿ, ಕಮಿ-ಕುಮಾಮೊಟೊದಲ್ಲಿ ಇಳಿಯಿರಿ. ಪಕ್ಕದಲ್ಲೇ ಕುಮಾಮೊಟೊ ಎಲೆಕ್ಟ್ರಿಕ್ ರೈಲ್ವೆಯ ಪುಟ್ಟ ನಿಲ್ದಾಣವಿದೆ. ಅಲ್ಲಿಂದ ರೈಲಿನಲ್ಲಿ ಕಿತಾ-ಕುಮಾಮೊಟೊ ನಿಲ್ದಾಣಕ್ಕೆ ಮೂರೂವರೆ ಕಿ.ಮೀ. ಕೂಡ ಆಗುವುದಿಲ್ಲ. ರೈಲುಗಳ ಡಿಪೋ ಆ ಸ್ಟೇಷನ್ನಿಗೆ ತಾಗಿಕೊಂಡೇ ಇದೆ. 2016ರ ಫೆಬ್ರವರಿಯಲ್ಲಿ ನಿವೃತ್ತಿಯಾದ 5101ಎ ಬೋಗಿಯನ್ನು ಉಳಿಸಿಕೊಂಡಿರುವುದು ಇಲ್ಲೇ. ಅದು ದಿನವೂ ಒಂದೇ ಜಾಗದಲ್ಲಿ ನಿಂತಿರಬೇಕೆಂದೇನಿಲ್ಲ. ಕಾಣದಿದ್ದರೆ ಸ್ಟೇಷನ್ ಸಿಬ್ಬಂದಿಯನ್ನು ಕೇಳಿ. ಕೆಲಸ ನಡೆಯುವ ಡಿಪೋ ಅದು, ಅನುಮತಿ ಇಲ್ಲದೆ ಹಳಿ ದಾಟಬೇಡಿ.

ಕಂಡ ತಕ್ಷಣ ಎಲ್ಲರೂ ಕ್ಯಾಮೆರಾ ಹಿಡಿಯುವುದು ಎರಡು ದೊಡ್ಡ ಗಾಜಿನ ಆ ದುಂಡು ಮುಖಕ್ಕೆ. ಕಪ್ಪೆ ಎಂಬ ಹೆಸರು ಬಂದದ್ದೂ ಅದರಿಂದ, ಮೈಯ ಎಳೆಹಸಿರಿನಿಂದ. ನಾನು ಬಸ್ ಬಾಡಿ ಕಟ್ಟುವ ಕೆಲಸ ಮಾಡಿದವನು, ನನ್ನ ಕಣ್ಣು ಹೋಗುವುದು ಪಕ್ಕದ ತಗಡಿಗೆ. ನೀವೂ ಅಲ್ಲಿಂದಲೇ ಶುರು ಮಾಡಿ. ಬೋಗಿಯ ಮೂಲೆಗೆ ನೇರವಾಗಿ ನಿಂತು, ಗೋಡೆಯುದ್ದಕ್ಕೂ ದೃಷ್ಟಿ ಹಾಯಿಸಿ. ಕಿಟಕಿಯ ಕೆಳಗೆ ಮೈ ಉಬ್ಬಿ, ಬುಡದಲ್ಲಿ ಒಳಕ್ಕೆ ಬಾಗುತ್ತದೆ. ಮಾಮೂಲಿ ಬೋಗಿಯಲ್ಲಿ ಭಾರ ಹೊರುವುದು ಹೆಚ್ಚಾಗಿ ಅಡಿಯ ದಪ್ಪ ಚೌಕಟ್ಟು. ಇಲ್ಲಿ ಚಾವಣಿ, ಗೋಡೆ, ನೆಲ ಒಟ್ಟುಗೂಡಿ ಹೊರುತ್ತವೆ, ವಿಮಾನದ ಒಡಲಿನ ಲೆಕ್ಕಾಚಾರ ಇದು. ತಗಡು ತೆಳುವಾದರೂ ಬಿಂದಿಗೆ ಗಟ್ಟಿಯಾಗಿರುವುದು ಅದರ ಬಾಗಿನಿಂದ ತಾನೆ? 1954ರಲ್ಲಿ ಟೋಕ್ಯೂ ಎಂಬ ರೈಲು ಕಂಪನಿ ಈ 5000 ಸರಣಿಯನ್ನು ಟೋಕಿಯೊದಲ್ಲಿ ಓಡಿಸಲು ಶುರುಮಾಡಿದಾಗ ತೂಕ ಇಳಿಸಲು ಹಿಡಿದ ದಾರಿ ಇದೇ. ಕಟ್ಟಿದ್ದು ಒಟ್ಟು 105 ಬೋಗಿ. ಅಲ್ಲಿ 1986ರಲ್ಲಿ ಕೆಲಸ ಮುಗಿದರೂ, ನಾಗಾನೊ, ಉಎದಾ, ಫುಕುಶಿಮಾ ಎಂದು ಸಣ್ಣ ರೈಲ್ವೆಗಳು ಇವನ್ನು ಕೊಂಡವು. ಎಲ್ಲಕ್ಕಿಂತ ಕೊನೆಯವರೆಗೆ ದುಡಿಸಿದ್ದು ಕುಮಾಮೊಟೊ.

ಈಗ ಇನ್ನೊಂದು ತುದಿಗೆ ಬನ್ನಿ. ಮುಖ ಚಪ್ಪಟೆ! ಸಾಲಿನಲ್ಲಿ ಜೋಡಿಸಿ ಓಡಿಸಲೆಂದು ಮಾಡಿದ ಬೋಗಿಗೆ ಚಾಲಕನ ಕೋಣೆ ಇದ್ದದ್ದು ಒಂದೇ ಕಡೆ. ಜನ ಕಡಿಮೆ ಇರುವ ಮಾರ್ಗಕ್ಕೆ ಒಂಟಿ ಬೋಗಿ ಸಾಕಿತ್ತು, ಹಾಗಾಗಿ ಹಿಂಬದಿಗೂ ಒಂದು ಕೋಣೆ ಮಾಡಿದರು. ಚೆಂದಕ್ಕೆ ಕೈಹಾಕದೆ ಬೇಕಾದಷ್ಟೇ ಮಾಡಿದ ಈ ಕೆಲಸ ನನಗೆ ದುಂಡು ಮುಖಕ್ಕಿಂತ ಹೆಚ್ಚು ಇಷ್ಟ. ಫೋಟೊ ತೆಗೆದರೆ ಎರಡೂ ತುದಿಯದ್ದು ತೆಗೆಯಿರಿ. ಮೋಡ ಕವಿದ ದಿನವಾದರೆ ತಗಡಿನ ಬಾಗು ಚೆನ್ನಾಗಿ ಮೂಡುತ್ತದೆ.

ಆಮೇಲೆ ಬಗ್ಗಿ ಗಾಲಿಗಳ ನಡುವೆ ನೋಡಿ. ಹಳಿಗಳ ನಡುವಿನ ಅಗಲ 1067 ಮಿ.ಮೀ. ಮಾತ್ರ, ಮೋಟರನ್ನು ಅಡ್ಡಕ್ಕೆ ಇಡಲು ಜಾಗ ಇಕ್ಕಟ್ಟು. ಅದಕ್ಕೇ ಹಳಿಯುದ್ದಕ್ಕೆ ಮಲಗಿಸಿ, ಓರೆಹಲ್ಲಿನ ಗಿಯರಿನಿಂದ ತಿರುವನ್ನು ಗಾಲಿಯ ಅಚ್ಚಿಗೆ ಕೊಟ್ಟಿದ್ದಾರೆ.

ಮರಳುವಾಗ ಟೋಕಿಯೊ ಮೆಟ್ರೊದ ಗಿಂಜಾ ಮಾರ್ಗದಿಂದ ಬಂದ 01 ಸರಣಿಯ ರೈಲು ಸಿಕ್ಕರೆ ಬಿಡಬೇಡಿ. ಅದು ಅಲ್ಯೂಮಿನಿಯಂ ಮೈ, ಜೋಡಿ ಬಾಗಿಲು. ಕಪ್ಪೆಯದ್ದು ಒಂಟಿ ಹಲಗೆಯ ಬಾಗಿಲು.

ಉತ್ತರ ಜಪಾನಿಗೆ ಹೋಗುವವರಿಗೆ ಅಕಿತಾ ಪ್ರಾಂತ್ಯದ ಓದಾತೆಯಲ್ಲಿ ಇದೇ ಸರಣಿಯ 5001 ಬೋಗಿ ಸಿಗುತ್ತದೆ. 2020ರವರೆಗೆ ಟೋಕಿಯೊದ ಶಿಬುಯಾ ನಿಲ್ದಾಣದ ಎದುರಿಗಿದ್ದದ್ದು ಅದೇ. ಆದರೆ ಅದನ್ನು ಕತ್ತರಿಸಿ ಗಿಡ್ಡ ಮಾಡಿದ್ದಾರೆ, ಗಾಲಿಗಳನ್ನೂ ತೆಗೆದಿದ್ದಾರೆ. ಮುಖ ನೋಡಲು ಅದು ಸಾಕು, ಕಟ್ಟಿದ ಕೈಕೆಲಸ ಅರಿಯಬೇಕಾದರೆ ಕುಮಾಮೊಟೊಗೇ ಹೋಗಿ.