ಖಾಲಿ ಹುಳುಮನೆಯಲ್ಲಿ ಒಣಗಿದ ದೊಡ್ಡಪತ್ರೆ

ದೊಡ್ಡಪತ್ರೆಯನ್ನು ಹಸಿರಾಗಿಯೇ ಒಣಗಿಸುತ್ತೇನೆ ಎಂದಾಗ ಶಿಡ್ಲಘಟ್ಟದ ಕಡೆಯ ನಮ್ಮವರು ಯಾರೂ ನಂಬಲಿಲ್ಲ. ನೀರು ತುಂಬಿದ ಎಲೆ, ಒಣಗುವುದಕ್ಕಿಂತ ಮೊದಲು ಕೊಳೆಯುತ್ತದೆ ಎಂದರು. ಈಗ ಅವರ ಮನೆಯ ಮುದ್ದೆಗೆ ನನ್ನ ಚಟ್ನಿಪುಡಿಯೇ ಆಗಬೇಕು.

ತಾರಸಿಯ ಬಿಸಿಲು ಕೈಕೊಟ್ಟಿತು. ಎಲೆಯ ಅಂಚು ಗರಿಗರಿ, ತೊಟ್ಟಿನ ಬುಡ ಹಸಿ. ಡಬ್ಬಿಗೆ ತುಂಬಿದ ವಾರದೊಳಗೆ ಬೂಷ್ಟು. ಬಾಡಿಗೆಗೆ ತಂದ ವಿದ್ಯುತ್ ಯಂತ್ರದಲ್ಲಿ ಎಲೆ ಚೆನ್ನಾಗಿಯೇ ಒಣಗಿತು, ಆದರೆ ಘಮ ಹೋಯಿತು. ಓಮದಲ್ಲಿರುವ ಥೈಮಾಲ್, ಕಾರ್ವಕ್ರಾಲ್ ಎಂಬ ಘಮದ ಅಂಶಗಳೇ ಇದರಲ್ಲೂ ಇರುವುದು. ಕಾವು ಹೆಚ್ಚಾದರೆ ಹಾರಿಹೋಗುತ್ತವೆ. ಬಾಡಿಗೆ, ಕರೆಂಟು, ಆಟೋ ಎಲ್ಲ ಸೇರಿ 3,000 ರೂಪಾಯಿಯ ಹತ್ತಿರ ಕರಗಿತು.

ಕೊನೆಗೆ ಕೈಹಿಡಿದದ್ದು ಖಾಲಿ ಬಿದ್ದಿದ್ದ ಹುಳುಮನೆ, ಅಂದರೆ ರೇಷ್ಮೆಹುಳು ಸಾಕುವ ಮನೆ. ನೆರಳು, ಎದುರುಬದುರು ಕಿಟಕಿ, ಕಬ್ಬಿಣದ ಸ್ಟ್ಯಾಂಡು, ಎಲ್ಲವೂ ಇತ್ತು. ಹುಳುಮನೆಗೆ ಹೊಡೆಯುವ ಔಷಧಿ ಕಂಡ ಹಳೆಯ ಬಲೆಗಳನ್ನು ಮುಟ್ಟದೆ, ಸ್ಟ್ಯಾಂಡು ಉಜ್ಜಿ ತೊಳೆದು, ಸುಮಾರು 800 ರೂಪಾಯಿಗೆ ಹೊಸ ನೈಲಾನ್ ಬಲೆ ಕಟ್ಟಿದೆ. ಹುಳು ಮೇಯುತ್ತಿರುವ ಮನೆಯಲ್ಲಿ ಮಾತ್ರ ಬೇಡ, ಈ ಘಾಟು ಅವಕ್ಕೆ ಆಗದು. ಎಲೆಯನ್ನು ಬೆರಳಗಲ ಸೀಳಿ, ಒಂದರ ಮೇಲೊಂದು ಬೀಳದಂತೆ ಹರಡಬೇಕು. ಸೀಳುವ ಮೊದಲು ಒಂದು ನೀರಿನಲ್ಲಿ ಅದ್ದುತ್ತೇನೆ. ಆ ನೀರಿನಲ್ಲಿ ಏನಿದೆ ಎಂದು ಕೇಳಬೇಡಿ. ಶಿವರಾತ್ರಿ ಕಳೆದ ಮೇಲಿನ ಒಣಗಾಳಿಗೆ ನಾಲ್ಕೈದು ದಿನ ಸಾಕು. 10 ಕಿಲೋ ಎಲೆಗೆ ಮುಕ್ಕಾಲು ಕಿಲೋ ಸಿಕ್ಕರೆ ಪುಣ್ಯ.

ಉದ್ದಿನಬೇಳೆ, ಬ್ಯಾಡಗಿ, ಹುಣಸೆ ಹುರಿದು ಪೂರ್ತಿ ಆರಿದ ಮೇಲೆಯೇ ಎಲೆ ಸೇರಿಸಿ ಪುಡಿ ಮಾಡುತ್ತೇನೆ. ಇದೇ ಪುಡಿಯನ್ನು ಅವರೆಕಾಳಿನ ಸಾರಿಗೂ ಹಾಕಿ ನೋಡಿದೆ. ಅವರೆಯ ಸೊಗಡನ್ನೆಲ್ಲ ನುಂಗಿಬಿಟ್ಟಿತು; ಮನೆಯವರು ಆ ಪಾತ್ರೆಯನ್ನು ನನ್ನ ಮುಂದೆಯೇ ಇಟ್ಟು ಎದ್ದರು. ಮಜ್ಜಿಗೆಗೆ ಕದಡಿ ಜೀರಿಗೆ ಒಗ್ಗರಣೆ ಕೊಟ್ಟರೆ ಮಾತ್ರ ನಿಮಿಷದಲ್ಲಿ ತಂಬುಳಿ.

ಔಷಧಿಗೆ ಒಣಪುಡಿಯನ್ನು ನಾನು ನೆಚ್ಚುವುದಿಲ್ಲ. ಕೆಮ್ಮು ನೆಗಡಿಗೆ ಹಸಿ ಎಲೆಯನ್ನೇ ಕೆಂಡದ ಮೇಲೆ ಬಾಡಿಸಿ ಹಿಂಡಿ, ಜೇನು ಬೆರೆಸಿ ಕೊಡುತ್ತೇವೆ. ವರ್ಷ ತುಂಬದ ಮಗುವಿಗೆ ಜೇನು ಕೂಡದು. ಪಿತ್ತದ ಗಂಧೆ ಎದ್ದರೆ ಎಲೆಯ ರಸವನ್ನು ಮೈಗೆ ಹಚ್ಚುವುದು ನಮ್ಮಲ್ಲಿ ಹಿಂದಿನಿಂದಲೂ ಇದೆ. ಪುಡಿಯನ್ನು ಔಷಧಿ ಎಂದು ಮಾರಿದರೆ ದುಪ್ಪಟ್ಟು ಸಿಗುತ್ತದೆ ಎಂದು ಒಬ್ಬ ಅಂಗಡಿಯವರು ಆಸೆ ತೋರಿಸಿದರು. ನಾನು ಒಪ್ಪಲಿಲ್ಲ. ಚಟ್ನಿಪುಡಿಯಾಗಿಯೇ 100 ಗ್ರಾಂಗೆ 80 ರೂಪಾಯಿ, ಖರ್ಚು ಕಳೆದು 30 ಉಳಿಯುತ್ತದೆ, ಅದೂ ಸಾಲ ಹೇಳದವರಿಗೆ ಕೊಟ್ಟಾಗ.