ಹಸಿ ಹಾಲು ಮಾರುತ್ತೇನೆ, ಕಾಯಿಸದೆ ಕುಡಿಯುವವರಿಗೆ ಮಾತ್ರ ಕೊಡುವುದಿಲ್ಲ

ತುಮಕೂರಿನಲ್ಲಿ ಮೂವತ್ತೆರಡು ಮನೆಗಳಿಗೆ ದಿನಾ ಬೆಳಿಗ್ಗೆ ಹಸುವಿನ ಹಾಲು ಹಾಕುತ್ತೇನೆ. ಪೇಟೆಯಿಂದ ನಮ್ಮೂರಿಗೆ ಒಂಬತ್ತು ಕಿಲೋಮೀಟರ್. ಏಳು ಹಸುಗಳಿವೆ, ಐದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ಎರಡು ಜರ್ಸಿ. ಬೆಳಗಿನ ಹಾಲು ಮನೆಗಳಿಗೆ, ಸಂಜೆ ಹಾಲು ಊರಿನ ಡೇರಿಗೆ. ಹತ್ತು ವರ್ಷದ ಮೇಲಾಯಿತು.

ಹೋದ ತಿಂಗಳು ಹಳೇ ಗಿರಾಕಿ ಒಬ್ಬರು ಗೇಟಿನ ಹತ್ತಿರ ನಿಲ್ಲಿಸಿಕೊಂಡರು. ಮಗಳು ಕ್ಯಾಲಿಫೋರ್ನಿಯಾದಿಂದ ಬಂದಿದ್ದಾಳೆ, ಜೊತೆಗೆ ಎರಡು ವರ್ಷದ ಮೊಮ್ಮಗು. "ಅಲ್ಲಿ ಅಂಗಡೀಲೇ ಹಸಿ ಹಾಲಿನ ಬಾಟಲಿ ಸಿಗುತ್ತಂತಪ್ಪಾ, ಹಾಗೇ ಕುಡೀತಾರಂತೆ. ನಿನ್ನ ಹಾಲು ಈಗ ತಾನೇ ಕರೆದಿದ್ದು, ಮಗೂಗೆ ಹಾಗೇ ಕೊಡಬಹುದಲ್ವಾ?" ಅಂದರು. ಬೇಡಮ್ಮ, ದಯವಿಟ್ಟು ಬೇಡ ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ತನ್ನ ಹಾಲಿನ ಮೇಲೆ ಇವನಿಗೇ ನಂಬಿಕೆ ಇಲ್ಲವಾ ಅನ್ನುವ ಹಾಗೆ ನೋಡಿದರು. ಗೇಟಿನ ಹತ್ತಿರ ನಿಂತು ಪೂರ್ತಿ ಹೇಳುವುದಕ್ಕೆ ಆಗಲಿಲ್ಲ, ಇನ್ನೂ ಇಪ್ಪತ್ತು ಮನೆ ಬಾಕಿ ಇತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2016ರಲ್ಲಿ ಸಂತೆಯಿಂದ ಒಂದು ಗಬ್ಬದ ಹಸು ತಂದೆ. ನೋಡೋಕೆ ಬಹಳ ಚೆನ್ನಾಗಿತ್ತು, ಮೈ ತುಂಬಿಕೊಂಡಿತ್ತು. ಏಳು ತಿಂಗಳಿಗೆ ಕಂದು ಹಾಕಿತು, ಅಂದರೆ ಗರ್ಭಪಾತವಾಯಿತು. ಕಸ, ಅಂದರೆ ಮಾಸು, ಬೀಳಲಿಲ್ಲ. ಅವತ್ತು ಡಾಕ್ಟರು ಬೇರೆ ಊರಿನಲ್ಲಿದ್ದರು, ಅವ್ವ ಬರಿಗೈಯಲ್ಲೇ ಕೈ ಹಾಕಿ ಎಳೆದು ತೆಗೆದಳು. ನಮ್ಮ ಕಡೆ ಎಷ್ಟೋ ಹೆಂಗಸರು ಹೀಗೇ ಮಾಡುತ್ತಾರೆ, ಅದರಲ್ಲಿ ಅಪಾಯ ಇದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಮೂರು ವಾರದ ನಂತರ ಅವ್ವನಿಗೆ ಜ್ವರ ಶುರುವಾಯಿತು. ಬೆಳಿಗ್ಗೆ ಇರುತ್ತಿರಲಿಲ್ಲ, ಸಂಜೆ ಏರುತ್ತಿತ್ತು, ರಾತ್ರಿ ಬೆವರಿ ಸೀರೆಯೆಲ್ಲ ಒದ್ದೆ. ಸೊಂಟ, ಮಂಡಿ, ಕೀಲು ಕೀಲು ನೋವು. ಒಂದು ಆಸ್ಪತ್ರೆಯಲ್ಲಿ ಟೈಫಾಯಿಡ್ ಅಂತ ಔಷಧಿ ಕೊಟ್ಟರು. ನಾಲ್ಕು ದಿನ ಕಡಿಮೆಯಾಗುವುದು, ಮತ್ತೆ ಬರುವುದು. ಎರಡು ತಿಂಗಳು ಹೀಗೇ ಹೋಯಿತು, ಅವ್ವ ಅರ್ಧ ಆಗಿಬಿಟ್ಟಿದ್ದಳು. ಕೊನೆಗೆ ಇನ್ನೊಂದು ಹಸು ನೋಡೋಕೆ ಬಂದಿದ್ದ ಪಶು ಡಾಕ್ಟರು ಮಂಚದ ಮೇಲಿದ್ದ ಅವ್ವನನ್ನು ನೋಡಿ, "ನಿಮ್ಮಲ್ಲಿ ಯಾವುದಾದರೂ ಹಸು ಕಂದು ಹಾಕಿತ್ತಾ?" ಅಂತ ಕೇಳಿದರು. ಆ ಒಂದು ಪ್ರಶ್ನೆ ಅವ್ವನನ್ನು ಉಳಿಸಿತು. ರಕ್ತ ಪರೀಕ್ಷೆ ಮಾಡಿಸಿದರೆ ಬ್ರುಸೆಲ್ಲೋಸಿಸ್. ಹಳ್ಳಿಯಲ್ಲಿ ಕಂದು ರೋಗ ಅನ್ನುತ್ತೇವಲ್ಲ, ಅದೇ. ಆರು ವಾರ ಎರಡು ಥರದ ಮಾತ್ರೆ, ಒಂದು ದಿನವೂ ತಪ್ಪಿಸುವ ಹಾಗಿಲ್ಲ ಅಂದರು. ಹುಷಾರಾದಳು. ಮಂಡಿ ನೋವು ಇವತ್ತಿಗೂ ಇದೆ.

ಅವ್ವನಿಗೆ ಬಂದಿದ್ದು ಕಸ ಮುಟ್ಟಿ. ಆದರೆ ಅದೇ ರೋಗಾಣು ಹಾಲಿನಲ್ಲೂ ಬರುತ್ತದೆ ಅಂತ ಡಾಕ್ಟರು ಹೇಳಿದಾಗ ನನಗೆ ಕೈಕಾಲು ತಣ್ಣಗಾಯಿತು. ಕಂದು ಹಾಕಿದ ಮೇಲೂ ಆ ಹಸು ಹಾಲು ಕೊಡುತ್ತಿತ್ತು, ನಾನು ಆ ಹಾಲನ್ನು ಮನೆಗಳಿಗೆ ಹಾಕಿದ್ದೆ. ಎಲ್ಲಾ ಹಸುಗಳ ರಕ್ತ ಪರೀಕ್ಷೆ ಮಾಡಿಸಿದೆವು. ಇನ್ನೊಂದು ಹಸುವಿಗೂ ಇತ್ತು. ಅದು ಯಾವತ್ತೂ ಕಂದು ಹಾಕಿರಲಿಲ್ಲ, ಮೇವು ಬಿಟ್ಟಿರಲಿಲ್ಲ, ಜ್ವರ ಬಂದಿರಲಿಲ್ಲ. ಹಾಲು ಬೆಳ್ಳಗೆ, ಗಟ್ಟಿಯಾಗಿ, ಡೇರಿಯಲ್ಲಿ ಡಿಗ್ರಿ, ಫ್ಯಾಟ್ ಎಲ್ಲ ಸರಿಯಾಗಿ ಬರುತ್ತಿತ್ತು. ಕಣ್ಣಿಗೆ, ಮೂಗಿಗೆ, ನಾಲಿಗೆಗೆ, ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರಿಗೆ, ಯಾವುದಕ್ಕೂ ಗೊತ್ತಾಗದ ರೋಗ ಅದು. "ನಮ್ಮ ಹಸು ಆರೋಗ್ಯವಾಗಿದೆ, ಹಾಗೇ ಕುಡೀರಿ" ಅಂತ ಹೇಳುವವರನ್ನು ಕಂಡರೆ ನನಗೆ ಆ ಹಸುವೇ ನೆನಪಾಗುತ್ತದೆ.

ಆಗ ಹದಿನಾಲ್ಕು ಮನೆಗಳಿಗೆ ಹಾಕುತ್ತಿದ್ದೆ. ಹದಿನಾಲ್ಕಕ್ಕೂ ಹೋಗಿ ನಡೆದಿದ್ದನ್ನು ಹೇಳಿದೆ. ಬಹುತೇಕ ಎಲ್ಲರೂ ಹಾಲು ಉಕ್ಕಿಸಿಯೇ ಬಳಸುವವರು, ಹಾಗಾಗಿ ಭಯಪಡುವುದೇನೂ ಇರಲಿಲ್ಲ. ಒಂದು ಮನೆಯಲ್ಲಿ ಮಾತ್ರ ಪ್ರತಿ ಸೋಮವಾರ ಅಭಿಷೇಕಕ್ಕೆ ಹಸಿ ಹಾಲು ಎತ್ತಿಟ್ಟು, ಆಮೇಲೆ ಪಂಚಾಮೃತ ಅಂತ ಮನೆಮಂದಿಯೆಲ್ಲ ತೆಗೆದುಕೊಳ್ಳುತ್ತಿದ್ದರು. ಆ ಮನೆಯವರನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದೆ. ಯಾರಿಗೂ ಇರಲಿಲ್ಲ. ವರದಿ ಬರುವವರೆಗೂ ನಾನು ಸರಿಯಾಗಿ ಊಟ ಮಾಡಿರಲಿಲ್ಲ. ನಾಲ್ಕು ಮನೆಯವರು ಹಾಲು ಬಿಟ್ಟರು. ತಪ್ಪು ಅನ್ನೋಕೆ ಆಗಲ್ಲ.

ಪಂಚಾಮೃತದ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮಲ್ಲಿ ಹಾಲು ಕಾಯಿಸಿಯೇ ಕುಡಿಯುವ ಅಭ್ಯಾಸ ಇದೆ, ಅದು ನಮ್ಮನ್ನು ಎಷ್ಟೋ ರೋಗದಿಂದ ಕಾಪಾಡಿದೆ. ಆದರೆ ಹಸಿ ಹಾಲು ಹೊಟ್ಟೆಗೆ ಹೋಗುವ ದಾರಿಗಳು ಬೇರೆ ಇವೆ. ತೀರ್ಥ, ಪಂಚಾಮೃತ, ಕರೆಯುವಾಗ ಮಕ್ಕಳ ಬಾಯಿಗೆ ಹಿಡಿಯುವ ನೊರೆ ಹಾಲು, ಹುಷಾರಿಲ್ಲದವರಿಗೆ ಶಕ್ತಿ ಬರಲಿ ಅಂತ ಕೊಡುವ ಹಸಿ ಹಾಲು. ಹುತ್ತಕ್ಕೆ ತನಿ ಎರೆಯಲು ಹಸಿ ಹಾಲು ಕೇಳಿದರೆ ಸಂತೋಷವಾಗಿ ಕೊಡುತ್ತೇನೆ. ಕುಡಿಯುವ ಪಂಚಾಮೃತಕ್ಕಾದರೆ ಕಾಯಿಸಿ ಆರಿಸಿದ ಹಾಲು ಹಾಕಿ ಅಂತ ಕೈಮುಗಿದು ಕೇಳುತ್ತೇನೆ. ನಮ್ಮೂರಿನ ಗುಡಿಯ ಅರ್ಚಕರು ಮೊದಲು ಒಪ್ಪಲಿಲ್ಲ, ಕಾಯಿಸಿದ ಹಾಲು ಅಭಿಷೇಕಕ್ಕೆ ಆಗಲ್ಲ ಅಂದರು. ಅವ್ವನೇ ಹೋಗಿ ಮಾತಾಡಿದಳು. ಈಗ ಅಭಿಷೇಕಕ್ಕೆ ಹಸಿ ಹಾಲು, ಹಂಚುವುದಕ್ಕೆ ಬೇರೆ ಪಾತ್ರೆಯಲ್ಲಿ ಕಾಯಿಸಿದ ಹಾಲಿನ ಪಂಚಾಮೃತ. ಗರ್ಭಿಣಿಯರು, ಚಿಕ್ಕ ಮಕ್ಕಳು ಎಲ್ಲ ತಗೊಳ್ಳುತ್ತಾರಲ್ಲ.

ಆ ಎರಡು ಹಸುಗಳನ್ನು ಏನು ಮಾಡಿದೆ ಅಂತ ಕೇಳಬಹುದು. ಹಸುವಿನಲ್ಲಿ ಈ ರೋಗ ಬಂದರೆ ವಾಸಿ ಮಾಡುವ ಔಷಧಿ ಇಲ್ಲ. ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದರೆ ದುಡ್ಡು ಬರುತ್ತಿತ್ತು, ನನಗೆ ಮಾರಿದವನೂ ಬಹುಶಃ ಅದನ್ನೇ ಮಾಡಿದ್ದ. ನನ್ನಿಂದ ಆಗಲಿಲ್ಲ. ಇನ್ನೊಂದು ಮನೆಯ ಅವ್ವ ಕೈ ಹಾಕಿ ಕಸ ತೆಗೆಯುತ್ತಾಳೆ ಅಲ್ವಾ? ಹಿಂದಿನ ಹೊಲದಲ್ಲಿ ಬೇರೆ ಕೊಟ್ಟಿಗೆ ಹಾಕಿ ಅಲ್ಲೇ ಕಟ್ಟಿದೆ, ಹಾಲು ಬತ್ತಿಸಿದೆ, ಮತ್ತೆ ಗಬ್ಬ ಕಟ್ಟಿಸಲಿಲ್ಲ. ಒಂದು 2020ರಲ್ಲಿ ಹೋಯಿತು, ಇನ್ನೊಂದು ಅದರ ಮರುವರ್ಷ. ಅಷ್ಟು ವರ್ಷ ಮೇವು ಹಾಕಿದ್ದು ಪೂರ್ತಿ ನನ್ನ ಕೈಯಿಂದ. ರೋಗದ ಹಸುವನ್ನು ಇಟ್ಟುಕೊಂಡ ರೈತನಿಗೆ ಪರಿಹಾರ ಕೊಟ್ಟರೆ ಎಷ್ಟೋ ಜನ ಮುಚ್ಚಿಡದೆ ಮುಂದೆ ಬಂದು ಹೇಳುತ್ತಾರೆ ಅಂತ ನನಗೆ ಅನ್ನಿಸುತ್ತದೆ. ಈಗ ಹೇಳಿದವನಿಗೇ ನಷ್ಟ.

ಆಮೇಲೆ ಕೆಲಸ ಪೂರ್ತಿ ಬದಲಾಯಿಸಿದೆ. ಹೊರಗಿನಿಂದ ಹಸು ತರುವುದನ್ನೇ ನಿಲ್ಲಿಸಿದೆ, ನಮ್ಮ ಕರುಗಳನ್ನೇ ಬೆಳೆಸುತ್ತೇನೆ. ಕಂದು ರೋಗಕ್ಕೆ ಲಸಿಕೆ ಇದೆ, ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಒಂದೇ ಸಲ. 2019ರಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಜ್ವರದ ಜೊತೆ ಇದನ್ನೂ ಸೇರಿಸಿ ಕಾರ್ಯಕ್ರಮ ಶುರು ಮಾಡಿದ ಮೇಲೆ ಪುಕ್ಕಟೆ ಸಿಗುತ್ತಿದೆ. ಎಂಟು ತಿಂಗಳು ದಾಟಿದರೆ ಹಾಕುವುದಿಲ್ಲ, ಅದಕ್ಕೇ ಕರು ಹುಟ್ಟಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ.

ಕೆಚ್ಚಲು ಬಾವು ದಿನನಿತ್ಯದ ತಲೆನೋವು. ಊದಿಕೊಂಡು ಹಾಲು ಒಡೆದು ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ಒಳಗೊಳಗೇ ಇರುವ ಬಾವಿನಲ್ಲಿ ಹಾಲು ಚೆನ್ನಾಗಿಯೇ ಕಾಣುತ್ತದೆ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿ, ಒಂದೊಂದು ತೊಟ್ಟಿನ ಹಾಲನ್ನು ಬೇರೆ ಬೇರೆ ತಟ್ಟೆಗೆ ಕರೆದು, ಅಷ್ಟೇ ಅಳತೆ ಆ ನೀರು ಸೇರಿಸಿ ತಿರುಗಿಸಿದರೆ, ಬಾವಿರುವ ತೊಟ್ಟಿನ ಹಾಲು ಲೋಳೆಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಮಾಡುತ್ತೇನೆ. ಕರೆಯುವ ಮುಂಚೆ ಕೆಚ್ಚಲು ತೊಳೆದು ಒಣಗಿಸಲೇಬೇಕು, ಒಂದು ಹಸುವಿಗೆ ಒಂದು ಬಟ್ಟೆ. ಮೊದಲ ಮೂರು ನಾಲ್ಕು ಗೆರೆ ಹಾಲು ಕಪ್ಪು ತಟ್ಟೆಗೆ ಕರೆದು ನೋಡಿ ಚೆಲ್ಲುವುದು. ಕರೆದ ಮೇಲೆ ತೊಟ್ಟನ್ನು ಅಯೋಡಿನ್ ನೀರಿಗೆ ಅದ್ದಿ, ಮುಂದೆ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸುತ್ತೇನೆ. ತೊಟ್ಟಿನ ಬಾಯಿ ತೆರೆದಿರುವಾಗ ಸಗಣಿ ಮೇಲೆ ಮಲಗಿದರೆ ಬಾವು ಗ್ಯಾರಂಟಿ.

ಬಾವಿಗೆ ಕೊಟ್ಟ ಔಷಧಿ ಹಾಲಿನಲ್ಲಿ ಇಳಿಯುತ್ತದೆ, ಮನೆಯಲ್ಲಿ ಎಷ್ಟು ಕಾಯಿಸಿದರೂ ಅದು ಹೋಗುತ್ತದೆ ಅಂತ ನೆಚ್ಚಿಕೊಳ್ಳುವ ಹಾಗಿಲ್ಲ. ಟ್ಯೂಬಿನ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಅಂತ ಬರೆದಿರುತ್ತದೆ. ಅಷ್ಟು ದಿನ ಆ ಹಸುವಿನ ಹಾಲು ಮನೆಗೂ ಇಲ್ಲ, ಡೇರಿಗೂ ಇಲ್ಲ. ಹಾಗೇ ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ, ಮೆಕ್ಕೆಜೋಳ. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ, ಹಸು ತಿಂದರೆ ಹಾಲಿಗೆ ಬರುತ್ತದೆ, ಅದೂ ಕುದಿಸಿದರೆ ಸಾಯುವ ಜಾತಿಯಲ್ಲ. ಮಳೆಗಾಲದಲ್ಲಿ ಹಿಂಡಿ ಮೂಟೆಯನ್ನು ನೆಲದ ಮೇಲೆ ಇಡುವುದಿಲ್ಲ, ವಾಸನೆ ಬಂದ ಮೂಟೆ ಗೊಬ್ಬರದ ಗುಂಡಿಗೆ.

ಇಷ್ಟು ವರ್ಷದಲ್ಲಿ ಗಿರಾಕಿಗಳು ನನ್ನನ್ನು ಸಾವಿರ ಸಲ ಕೇಳಿರುವ ಪ್ರಶ್ನೆ, "ನೀರು ಹಾಕಿಲ್ಲ ತಾನೇ?" ಹಸುವಿಗೆ ಇಂಜೆಕ್ಷನ್ ಕೊಟ್ಟಿದ್ದೀರಾ, ಏನು ಮೇವು ಹಾಕುತ್ತೀರಿ ಅಂತ ಒಬ್ಬರೂ ಕೇಳಿಲ್ಲ. 2018ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ದೇಶದ ತುಂಬ 6,432 ಹಾಲಿನ ಮಾದರಿ ಪರೀಕ್ಷೆ ಮಾಡಿಸಿತ್ತು. ಆರೋಗ್ಯಕ್ಕೆ ಅಪಾಯ ಆಗುವಂಥ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು 368ರಲ್ಲಿ, ಆಂಟಿಬಯೋಟಿಕ್ ಮಿತಿ ಮೀರಿದ್ದು 77ರಲ್ಲಿ. ಪ್ಯಾಕೆಟ್ ಹಾಲು, ಬಿಡಿ ಹಾಲು ಎರಡೂ ಅದರಲ್ಲಿದ್ದವು. ನೀರಿನ ಬಗ್ಗೆ ಕೇಳಿ, ಬೇಡ ಅನ್ನಲ್ಲ. ಮೇವಿನ ಬಗ್ಗೆಯೂ ಕೇಳಿ.

ಇನ್ನು ಕ್ಯಾನು. ಶುರುವಿನಲ್ಲಿ ಹಳೇ ಪ್ಲಾಸ್ಟಿಕ್ ಕ್ಯಾನಿನಲ್ಲಿ ಒಯ್ಯುತ್ತಿದ್ದೆ. ಡೇರಿ ಲ್ಯಾಬಿನಲ್ಲಿ ಕೆಲಸ ಮಾಡುವ ಸ್ನೇಹಿತರು ಒಂದೇ ಹಾಲನ್ನು ಎರಡು ಕ್ಯಾನಿನಿಂದ ತರಿಸಿಕೊಂಡು ನೀಲಿ ಬಣ್ಣ ಹಾಕಿ ಇಟ್ಟರು. ಹಾಲಿನಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಇದ್ದಷ್ಟೂ ನೀಲಿ ಬೇಗ ಮಾಯವಾಗುತ್ತದೆ. ಸ್ಟೀಲ್ ಕ್ಯಾನಿನ ಹಾಲಿನಲ್ಲಿ ಐದು ಗಂಟೆ ದಾಟಿದರೂ ನೀಲಿ ಇತ್ತು, ಪ್ಲಾಸ್ಟಿಕ್ಕಿನದು ಎರಡು ಗಂಟೆಯೊಳಗೆ ಬೆಳ್ಳಗಾಯಿತು. ಗೀರು ಬಿದ್ದ ಪ್ಲಾಸ್ಟಿಕ್ ಎಷ್ಟು ಉಜ್ಜಿದರೂ ಶುದ್ಧವಾಗುವುದಿಲ್ಲ. ಈಗ ಎಲ್ಲಾ ಸ್ಟೀಲು. ಮೊದಲು ತಣ್ಣೀರಲ್ಲಿ ತೊಳೆಯಬೇಕು, ಬಿಸಿನೀರು ಮೊದಲೇ ಹಾಕಿದರೆ ಹಾಲು ಅಂಟಿಕೊಳ್ಳುತ್ತದೆ. ಆಮೇಲೆ ವಾಷಿಂಗ್ ಸೋಡಾ ಹಾಕಿದ ಬಿಸಿನೀರು, ಆಮೇಲೆ ಕುದಿನೀರು, ಕೊನೆಗೆ ಬಿಸಿಲಿನಲ್ಲಿ ಬೋರಲು ಹಾಕುವುದು. ಐದು ಗಂಟೆಗೆ ಕರೆದ ಹಾಲಿನ ಕ್ಯಾನನ್ನು ಐಸ್ ಹಾಕಿದ ತೊಟ್ಟಿ ನೀರಿನಲ್ಲಿ ಇಳಿಬಿಟ್ಟು ಕಲಕುತ್ತೇನೆ, ಏಳೂವರೆಗೆ ಕೊನೆ ಮನೆ ಮುಗಿಯಬೇಕು.

ಹಸುಗಳು ಬತ್ತುವ ತಿಂಗಳಲ್ಲಿ ಹಾಲು ಕಮ್ಮಿಯಾಗುತ್ತದೆ. ಬೇರೆಯವರ ಹಾಲು ತಂದು ಕೂಡಿಸಿ ಕೊಡು ಅಂತ ಎಷ್ಟೋ ಜನ ಹೇಳಿದ್ದಾರೆ. ಕೊಡುವುದಿಲ್ಲ. ಆ ಹಸುಗಳ ರಕ್ತ ಪರೀಕ್ಷೆ ನಾನು ನೋಡಿಲ್ಲ. ಪ್ಯಾಕೆಟ್ ತಗೊಳ್ಳಿ, ಅದು 72 ಡಿಗ್ರಿಯಲ್ಲಿ ಹದಿನೈದು ಸೆಕೆಂಡ್ ಕಾಯಿಸಿ ತಂಪು ಮಾಡಿದ ಹಾಲು, ಅದರಲ್ಲಿ ಏನೂ ಕೊರತೆ ಇಲ್ಲ ಅಂತಲೇ ಹೇಳುತ್ತೇನೆ. ಎರಡು ತಿಂಗಳು ಹೋಗಿ ಮತ್ತೆ ಬರುತ್ತಾರೆ.

ಆ ಅಮ್ಮನ ಮನೆಗೆ ಭಾನುವಾರ ಬಿಡುವು ಮಾಡಿಕೊಂಡು ಹೋಗಿದ್ದೆ. ಮಗಳೂ ಕೂತು ಕೇಳಿದರು. 2024ರಲ್ಲಿ ಅಮೆರಿಕದ ಹಸುಗಳಿಗೆ ಹಕ್ಕಿಜ್ವರ ಬಂದು, ಕ್ಯಾಲಿಫೋರ್ನಿಯಾದ ಅಂಗಡಿಯ ಹಸಿ ಹಾಲಿನಲ್ಲೂ ಆ ವೈರಸ್ ಸಿಕ್ಕಿದ್ದು ಅವರಿಗೂ ಗೊತ್ತಿತ್ತು. ಕಾಯಿಸಿದರೆ ಸತ್ವ ಹೋಗುತ್ತಲ್ಲ ಅಂದರು. ಒಂದೆರಡು ವಿಟಮಿನ್ ಸ್ವಲ್ಪ ಕಮ್ಮಿಯಾಗುತ್ತದೆ, ಮಗುವಿಗೆ ಹಾಲಿನಿಂದ ಬೇಕಾದ ಪ್ರೋಟೀನು, ಕ್ಯಾಲ್ಸಿಯಂ ಹಾಗೇ ಇರುತ್ತದೆ ಅಂದೆ. ಉಕ್ಕು ಬಂದ ತಕ್ಷಣ ಇಳಿಸಬೇಡಿ, ಉರಿ ಸಣ್ಣ ಮಾಡಿ ಕೈಯಾಡಿಸುತ್ತಾ ಎರಡು ಮೂರು ನಿಮಿಷ ಬಿಡಿ, ತಣ್ಣಗಾದ ಮೇಲೆ ಫ್ರಿಡ್ಜಿನಲ್ಲಿಡಿ ಅಂತ ಹೇಳಿ ಬಂದೆ. ಮಾರನೇ ದಿನದಿಂದ ಅರ್ಧ ಲೀಟರ್ ಜಾಸ್ತಿ ಹಾಕಿಸಿಕೊಳ್ಳುತ್ತಿದ್ದಾರೆ.

ಈ ತಿಂಗಳ ಕೊನೆಗೆ ನಮ್ಮ ಎರಡು ಹೆಣ್ಣು ಕರುಗಳಿಗೆ ನಾಲ್ಕು ತಿಂಗಳು ತುಂಬುತ್ತದೆ. ಲಸಿಕೆಗೆ ಡಾಕ್ಟರಿಗೆ ಆಗಲೇ ಹೇಳಿಟ್ಟಿದ್ದೇನೆ.